ಗರ್ಭಿಣಿಯ ರಕ್ತದೊತ್ತಡವನ್ನು ಸರಿಯಾಗಿ ಅಳೆಯುವ ಕ್ರಮ

ನಿಮ್ಮ ಉಪಕೇಂದ್ರದ ಗರ್ಭಿಣಿಯರ ಕಾರ್ಡುಗಳನ್ನು ಒಮ್ಮೆ ಒಟ್ಟಿಗೆ ತೆಗೆದು ನೋಡಿರಿ. ಪ್ರತಿಯೊಂದರಲ್ಲಿಯೂ 120/80 ಎಂದೇ ಬರೆದಿದ್ದರೆ ಅದು ಊರಿನ ಆರೋಗ್ಯದ ಲಕ್ಷಣವಲ್ಲ, ಅಳತೆಯ ಅವಸರದ ಗುರುತು. ಸಾಮಾನ್ಯವಾಗಿ ಇಪ್ಪತ್ತನೆಯ ವಾರದ ನಂತರ ತಲೆದೋರುವ ಗರ್ಭನಂಜು ಮೊದಮೊದಲು ಯಾವ ತೊಂದರೆಯನ್ನೂ ಕೊಡದಿರಬಹುದು. ತಲೆನೋವು, ಕಣ್ಣು ಮಂಜಾಗುವುದು, ಕೊನೆಗೆ ಸೆಳವು, ಇವುಗಳಿಗೆ ಮುಂಚೆಯೇ ಅದರ ಸುಳಿವು ಕೊಡಬಲ್ಲದ್ದು ರಕ್ತದೊತ್ತಡ ಮಾಪಕ.

ಗರ್ಭಿಣಿಯು ನಡೆದು ಬಂದ ಕೂಡಲೇ ಅಳೆಯಬಾರದು. ಮೂತ್ರವಿಸರ್ಜನೆ ಮಾಡಿ ಬರಲು ಹೇಳಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳು ನೆಲಕ್ಕೆ ತಾಗುವಂತೆ ಐದು ನಿಮಿಷ ಕುಳ್ಳಿರಿಸಿರಿ. ಅಂಗಾತ ಮಲಗಿಸುವುದು ಬೇಡ. ಬೆಳೆದ ಗರ್ಭಕೋಶವು ದೊಡ್ಡ ರಕ್ತನಾಳವನ್ನು ಅದುಮಿ ಒತ್ತಡ ಇಳಿಯಬಹುದು. ರವಿಕೆಯ ಮೇಲೆಯೇ ಪಟ್ಟಿ ಸುತ್ತಬಾರದು. ಬಿಗಿಯಾದ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಮಾಡಿದರೂ ತಪ್ಪೇ, ಅದು ಇನ್ನೊಂದು ಪಟ್ಟಿಯಂತೆ ಬಿಗಿಯುತ್ತದೆ. ಸೀರೆಯನ್ನೋ ಪರದೆಯನ್ನೋ ಮರೆ ಮಾಡಿಕೊಟ್ಟರೆ ಯಾರೂ ಸಂಕೋಚಪಡುವುದಿಲ್ಲ. ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಲಿ. ಕೆಳಕ್ಕೆ ಜೋತುಬಿದ್ದ ತೋಳಿನಲ್ಲಿ ಅಂಕಿ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಹಾಗೆಯೇ. ಆ ಹೊತ್ತಿನಲ್ಲಿ ಆಕೆಯನ್ನು ಮಾತನಾಡಿಸಬೇಡಿರಿ.

ಸ್ಟೆತೊಸ್ಕೋಪು ಇಡುವ ಮೊದಲು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಗಾಳಿ ತುಂಬಿರಿ. ನಾಡಿ ನಿಂತ ಅಂಕಿಯನ್ನು ನೆನಪಿಟ್ಟು, ಗಾಳಿಯನ್ನು ಪೂರ್ತಿ ಬಿಡಿರಿ. ಮತ್ತೆ ತುಂಬುವಾಗ ಅದಕ್ಕಿಂತ 30 ಮಿ.ಮೀ. ಮೇಲಕ್ಕೆ ಏರಿಸಬೇಕು. ಇದನ್ನು ವ್ಯರ್ಥ ಶ್ರಮವೆಂದು ಬಿಡುವವರುಂಟು. ಆದರೆ ಕೆಲವರಲ್ಲಿ ಶಬ್ದವು ನಡುವೆ ಅಡಗಿ ಮತ್ತೆ ಕೇಳಿಸುತ್ತದೆ. ನಾಡಿ ನೋಡದವರು ಎರಡನೆಯದನ್ನೇ ಮೊದಲನೆಯದೆಂದು ಬಗೆದು 160 ಇದ್ದುದನ್ನು 130 ಎಂದು ಬರೆದಾರು. ಸೆಕೆಂಡಿಗೆ 2 ಮಿ.ಮೀ.ನಂತೆ ನಿಧಾನವಾಗಿ ಇಳಿಸಿರಿ. ಮೊದಲ ಬಡಿತ ಕೇಳಿದಲ್ಲಿ ಮೇಲಿನ ಅಂಕಿ, ಶಬ್ದ ಸಂಪೂರ್ಣ ಅಡಗಿದಲ್ಲಿ ಕೆಳಗಿನ ಅಂಕಿ. ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ತಿಳಿಸಿದ ವಿಧಾನವಿದು. ಡಿಜಿಟಲ್ ಯಂತ್ರ ಬಂದಿರುವಲ್ಲಿ ಕೇಳುವ ಕೆಲಸ ತಪ್ಪಿದೆ, ಕುಳ್ಳಿರಿಸುವ ಕ್ರಮ ತಪ್ಪಿಲ್ಲ.

ಕಂಡ ಅಂಕಿಯನ್ನೇ ಬರೆಯಿರಿ. 88ನ್ನು 80 ಮಾಡಿದರೆ, ಮುಂದಿನ ತಿಂಗಳು 92 ಬಂದಾಗ ಅದು ಹೇಗೆ ಏರುತ್ತಾ ಬಂದಿತೆಂಬುದು ವೈದ್ಯರಿಗೆ ತಿಳಿಯದು. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದ್ದರೆ ವಿಶ್ರಾಂತಿಯ ನಂತರ ಮತ್ತೊಮ್ಮೆ ಅಳೆದು, ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ಪರೀಕ್ಷಿಸಿ, ಅಂದೇ ವೈದ್ಯಾಧಿಕಾರಿಗಳಿಗೆ ತಿಳಿಸಿರಿ. 160 ಅಥವಾ 110 ಮುಟ್ಟಿದ್ದರೆ ಮನೆಯವರು ನಾಳೆ ಹೋಗುವೆವೆಂದರೂ ಒಪ್ಪದೆ 108 ವಾಹನವನ್ನು ಕರೆಸಿ ಆಸ್ಪತ್ರೆಗೆ ಕಳುಹಿಸಿರಿ. ಕಾರ್ಡು ಆಕೆಯ ಜೊತೆಯಲ್ಲಿಯೇ ಹೋಗಲಿ.