ನಾಯಿ, ಬೆಕ್ಕುಗಳಿಗೆ ಈರುಳ್ಳಿ ವಿಷ

ಹೊಲದ ಕಾವಲಿಗೆ ನಾಯಿ, ಕಣಜದ ಇಲಿಗಳ ಹತೋಟಿಗೆ ಬೆಕ್ಕು ಅನೇಕ ರೈತರ ಮನೆಗಳಲ್ಲಿರುತ್ತವೆ. ಅವುಗಳಿಗೆಂದು ಬೇರೆ ಅಡಿಗೆ ಮಾಡುವ ವಾಡಿಕೆ ನಮ್ಮಲ್ಲಿ ಕಡಿಮೆ. ಮನೆಮಂದಿಯ ಊಟವಾದ ಮೇಲೆ ಉಳಿದ ಮುದ್ದೆ, ಅನ್ನ ಅಥವಾ ರೊಟ್ಟಿಗೆ ಸಾರು ಕಲಸಿ ಹಾಕುತ್ತೇವೆ. ಮುದ್ದೆ, ಅನ್ನಗಳಿಂದ ತೊಂದರೆಯಿಲ್ಲ. ಅಪಾಯವಿರುವುದು ಸಾರಿನೊಳಗಿನ ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ.

ಈರುಳ್ಳಿಯ ಗಂಧಕಯುಕ್ತ ವಸ್ತುಗಳು ಈ ಪ್ರಾಣಿಗಳ ರಕ್ತದಲ್ಲಿರುವ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಕೆಟ್ಟ ಹಿಮೋಗ್ಲೋಬಿನ್ ಕೆಂಪು ರಕ್ತಕಣಗಳ ಒಳಗೇ ಗಂಟುಗಟ್ಟುತ್ತದೆ. ಅಂಥ ಕಣಗಳು ಬೇಗ ಒಡೆದು ರಕ್ತಹೀನತೆ ಉಂಟಾಗುತ್ತದೆ. ಬೇಯಿಸಿದರೆ ವಿಷ ಹೋಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹೋಗುವುದಿಲ್ಲ. ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಉಳಿಯುತ್ತದೆ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ.

ನಾಯಿಯು ತನ್ನ ದೇಹತೂಕದ ಶೇಕಡಾ 0.5ಕ್ಕಿಂತ ಹೆಚ್ಚು ಈರುಳ್ಳಿಯನ್ನು ಒಮ್ಮೆಗೆ ತಿಂದರೆ ಅಪಾಯ. ಅಂದರೆ 10 ಕಿಲೋಗ್ರಾಂ ತೂಕದ ನಾಯಿಗೆ 50 ಗ್ರಾಂ, ಒಂದು ಸಣ್ಣ ಗೆಡ್ಡೆಯಷ್ಟು. ಬೆಕ್ಕಿನ ಹಿಮೋಗ್ಲೋಬಿನ್ ಹೆಚ್ಚು ಸೂಕ್ಷ್ಮ. 3 ಕಿಲೋಗ್ರಾಂ ಬೆಕ್ಕಿಗೆ 15 ಗ್ರಾಂ ಸಾಕು. ಬೆಕ್ಕು ತಾನಾಗಿ ಈರುಳ್ಳಿ ಮುಟ್ಟುವುದು ಅಪರೂಪ, ಆದರೆ ಮೀನಿನ ಸಾರಿನ ಆಸೆಗೆ ಮಸಾಲೆಯನ್ನೂ ನೆಕ್ಕಿಬಿಡುತ್ತದೆ. ಪ್ರತಿದಿನ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋದರೂ ಹಾನಿ ಕೂಡುತ್ತಾ ಬರುತ್ತದೆ.

ರೋಗಲಕ್ಷಣಗಳು ಸಾಮಾನ್ಯವಾಗಿ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಕಾಣುತ್ತವೆ. ಹೀಗಾಗಿ ತಿಂದದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ. ಪ್ರಾಣಿ ಮಂಕಾಗಿ ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಉಣ್ಣೆಗಳಿಂದ ಹರಡುವ ಜ್ವರದಲ್ಲೂ ಒಸಡು ಬಿಳಿಚಿ ಮೂತ್ರ ಕೆಂಪಾಗಬಹುದು. ಆದ್ದರಿಂದ ಹಿಂದಿನ ನಾಲ್ಕೈದು ದಿನ ಏನು ಹಾಕಿದಿರಿ ಎಂಬುದನ್ನು ಪಶುವೈದ್ಯರಿಗೆ ತಪ್ಪದೆ ತಿಳಿಸಿರಿ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ತೀವ್ರವಾದಾಗ ರಕ್ತ ಕೊಡಬೇಕಾಗುತ್ತದೆ. ಈರುಳ್ಳಿ ತಿಂದುದು ಆಗಲೇ ಕಣ್ಣಿಗೆ ಬಿದ್ದರೆ ಲಕ್ಷಣಗಳಿಗೆ ಕಾಯದೆ ಕೂಡಲೇ ಕರೆದೊಯ್ಯಿರಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬಾರದು, ಉಪ್ಪೇ ಇನ್ನೊಂದು ವಿಷವಾದೀತು.

ಈರುಳ್ಳಿ ಬೆಳೆಯುವ ಚಿತ್ರದುರ್ಗ, ಗದಗ ಮುಂತಾದ ಕಡೆಯ ರೈತರು ಇನ್ನೊಂದನ್ನು ಗಮನಿಸಬೇಕು. ಬೆಲೆ ಬಿದ್ದಾಗ ಉಳಿದ ರಾಶಿಯನ್ನು ದನಗಳಿಗೆ ಸುರಿದರೆ ಇದೇ ಬಗೆಯ ರಕ್ತಹೀನತೆ ಅವುಗಳಿಗೂ ಬರುತ್ತದೆ. ಕುರಿ, ಮೇಕೆಗಳು ದನಗಳಿಗಿಂತ ಹೆಚ್ಚು ತಡೆದುಕೊಳ್ಳುತ್ತವೆ.

ಬಿಸಿಲಿಗೆ ಬಿದ್ದು ಹಸಿರಾದ ಆಲೂಗಡ್ಡೆ ಹಾಗೂ ಅದರ ಮೊಳಕೆಗಳನ್ನೂ ನಾಯಿ ಬೆಕ್ಕುಗಳಿಗೆ ಹಾಕಬಾರದು. ವಾಂತಿ, ಭೇದಿ, ನಿಶ್ಶಕ್ತಿ ಉಂಟಾಗುತ್ತವೆ.

ಗೃಹಿಣಿಯರು ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮೊದಲೇ ಬೆಂದ ಬೇಳೆಯ ಕಟ್ಟನ್ನು ಒಂದು ಸೌಟು ನಾಯಿಯ ಪಾಲಿಗೆ ತೆಗೆದಿಡಬಹುದು. ಬೇಯಿಸಿದ ಸಿಹಿಗುಂಬಳ, ಗಜ್ಜರಿ, ಹುರುಳಿಕಾಯಿಗಳನ್ನು ಉಪ್ಪು ಖಾರವಿಲ್ಲದೆ ಅದಕ್ಕೆ ಸೇರಿಸಿದರೆ ತೊಂದರೆಯಿಲ್ಲ. ಹೆಚ್ಚಿದ ಈರುಳ್ಳಿಯ ಕಸ ಬೀಳುವ ತಿಪ್ಪೆಗೆ ನಾಯಿ ಬಾಯಿ ಹಾಕದಂತೆ ಮೇಲೆ ಮಣ್ಣೆಳೆಯಿರಿ.