ರಕ್ತಭೇದಿಯ ಔಷಧಿ ಮತ್ತು ಕೋಳಿಯ ಚರ್ಮ

ಮಾಂಸದ ಕೋಳಿಗಳನ್ನು ಕಾಡುವ ರೋಗಗಳಲ್ಲಿ ರಕ್ತಭೇದಿ (ಕಾಕ್ಸಿಡಿಯೋಸಿಸ್) ಮುಖ್ಯವಾದುದು. ಐಮೀರಿಯ ಎಂಬ ಪರಾವಲಂಬಿ ಸೂಕ್ಷ್ಮಜೀವಿಯು ಕೋಳಿಯ ಕರುಳಿನ ಒಳಪದರವನ್ನು ಹಾಳುಮಾಡುವುದರಿಂದ ಈ ರೋಗ ಉಂಟಾಗುತ್ತದೆ. ಇದನ್ನು ತಡೆಯಲು ಆಹಾರದಲ್ಲಿ ಬೆರೆಸುವ ಔಷಧಿಗಳಲ್ಲಿ ಹ್ಯಾಲೋಫ್ಯೂಜಿನೋನ್ ಸಹ ಒಂದು. ಆದರೆ ಇದಕ್ಕೆ ಕೋಳಿಯ ಚರ್ಮದ ಬಲವನ್ನು ಕುಗ್ಗಿಸುವ ಗುಣವೂ ಇದೆ. ಆದ್ದರಿಂದ ಇದನ್ನು ತಿಳಿದು ಬಳಸುವುದು ಅಗತ್ಯ.

ಔಷಧಿಯ ಮೂಲ

ಚೀನಾದಲ್ಲಿ ಚಾಂಗ್ ಷಾನ್ ಎಂಬ ಪೊದೆಗಿಡದ ಬೇರನ್ನು ಮಲೇರಿಯಾ ಜ್ವರಕ್ಕೆ ಬಹು ಹಿಂದಿನಿಂದಲೂ ಬಳಸುತ್ತಿದ್ದರು. ಈ ಗಿಡ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುತ್ತದೆ. ಇದರ ಬೇರಿನಿಂದ ಫೆಬ್ರಿಫ್ಯೂಜಿನ್ ಎಂಬ ಸಾರವನ್ನು 1940ರ ದಶಕದಲ್ಲಿ ಬೇರ್ಪಡಿಸಲಾಯಿತು. ಅದೇ ರಚನೆಗೆ ಬ್ರೋಮಿನ್ ಮತ್ತು ಕ್ಲೋರಿನ್ ಸೇರಿಸಿ ತಯಾರಿಸಿದ್ದೇ ಹ್ಯಾಲೋಫ್ಯೂಜಿನೋನ್.

ಚರ್ಮ ಹರಿಯುವುದೇಕೆ?

ಚರ್ಮ, ಸ್ನಾಯುರಜ್ಜು ಮತ್ತು ಮೂಳೆಗಳಿಗೆ ಬಲ ಕೊಡುವುದು ಕೊಲ್ಲಾಜೆನ್ ಎಂಬ ನಾರಿನಂತಹ ಪ್ರೋಟೀನು. ಚರ್ಮದಲ್ಲಿ ಇದನ್ನು ತಯಾರಿಸುವ ಜೀವಕೋಶಗಳಿಗೆ ಫೈಬ್ರೋಬ್ಲಾಸ್ಟ್ ಎಂದು ಹೆಸರು. ಈ ಔಷಧಿ ತಿಂದ ಕೋಳಿಗಳ ಚರ್ಮದಲ್ಲಿ ಕೊಲ್ಲಾಜೆನ್ ಉತ್ಪಾದನೆ ಕಡಿಮೆಯಾಗುವುದನ್ನು ಇಸ್ರೇಲಿನ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳಲ್ಲಿಯೂ ಇದೇ ಪರಿಣಾಮ ಕಂಡುಬಂದಿತು. ಹೀಗೆ ಬಲಗುಂದಿದ ಚರ್ಮವು ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ ಗರಿ ಕೀಳುವಾಗ ಸುಲಭವಾಗಿ ಹರಿಯುತ್ತದೆ. ಚರ್ಮಸಹಿತ ಮಾರುವ ಕೋಳಿಯ ದರ್ಜೆ ಇಳಿದು ನಷ್ಟವಾಗುತ್ತದೆ.

ಇದರ ಒಳಗುಟ್ಟು 2012ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಜೀವಕೋಶವು ಪ್ರೋಟೀನು ಕಟ್ಟುವಾಗ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಸಾಗಿಸುವ ವ್ಯವಸ್ಥೆಗೆ ಜೋಡಿಸುವ ಕಿಣ್ವವೊಂದಿದೆ. ಹ್ಯಾಲೋಫ್ಯೂಜಿನೋನ್ ಆ ಕಿಣ್ವವನ್ನೇ ತಡೆಹಿಡಿಯುತ್ತದೆ. ಕೊಲ್ಲಾಜೆನ್‌ನಲ್ಲಿ ಪ್ರೋಲಿನ್ ಹೇರಳವಾಗಿರುತ್ತದೆ. ಇಟ್ಟಿಗೆ ಸಾಗಿಸುವ ಗಾಡಿ ನಿಂತರೆ ಗೋಡೆಯ ಕೆಲಸ ನಿಲ್ಲುವಂತೆಯೇ ಇದು. ಅಂಗಾಂಶಗಳಲ್ಲಿ ಕೊಲ್ಲಾಜೆನ್ ಮಿತಿಮೀರಿ ತುಂಬುವ ಮಾನವ ರೋಗಗಳಿಗೆ ಇದೇ ಗುಣ ಉಪಯುಕ್ತವಾಗಬಹುದೇ ಎಂದು ಸಂಶೋಧನೆಗಳು ನಡೆದಿವೆ.

ಸಾಕಣೆದಾರರು ಗಮನಿಸಬೇಕಾದ ಅಂಶಗಳು

1. ಈ ಔಷಧಿಯ ಪ್ರಮಾಣ ಬಹಳ ಸ್ವಲ್ಪ. ಒಂದು ಟನ್ ಆಹಾರಕ್ಕೆ 3 ಗ್ರಾಂ ಮೂಲ ಔಷಧಿ ಮಾತ್ರ. ಕೈ ಅಂದಾಜಿನಲ್ಲಿ ಎಂದೂ ಬೆರೆಸಬಾರದು.

2. ಔಷಧಿ ಎಲ್ಲೆಡೆ ಸಮನಾಗಿ ಬೆರೆಯಬೇಕು. ಮೊದಲು ಸ್ವಲ್ಪ ಆಹಾರದೊಡನೆ ಕಲಸಿ, ಅನಂತರ ಉಳಿದ ಆಹಾರಕ್ಕೆ ಸೇರಿಸಬೇಕು.

3. ಆಹಾರದ ಚೀಲದ ಮೇಲಿನ ಔಷಧಿಯ ಹೆಸರನ್ನು ಓದಬೇಕು. ಒಮ್ಮೆ ಔಷಧಿ ಬೆರೆತ ಆಹಾರಕ್ಕೆ ಮತ್ತೆ ಅದನ್ನು ಸೇರಿಸಬಾರದು.

4. ಮಾರಾಟಕ್ಕೆ ಮುಂಚೆ, ಚೀಲದ ಮೇಲೆ ತಿಳಿಸಿದಷ್ಟು ದಿನ ಔಷಧಿರಹಿತ ಆಹಾರ ಕೊಡಬೇಕು.

5. ಮೊಟ್ಟೆ ಇಡುವ ಕೋಳಿಗಳಿಗೆ ಇದನ್ನು ಕೊಡಬಾರದು. ಮೀನುಗಳಿಗೆ ಇದು ವಿಷ. ಉಳಿದುದನ್ನು ಕೆರೆ ಕುಂಟೆಗಳಿಗೆ ಸುರಿಯಬಾರದು.

6. ಅದ್ದುವ ನೀರು ಅತಿ ಬಿಸಿಯಾದರೂ ಚರ್ಮ ಹರಿಯುತ್ತದೆ. ಔಷಧಿಯನ್ನು ದೂರುವ ಮೊದಲು ಇದನ್ನೂ ಪರೀಕ್ಷಿಸಬೇಕು.

ರಕ್ತಭೇದಿಯ ಜೀವಿ ತೇವವಿದ್ದಲ್ಲಿ ಬಲಿಯುತ್ತದೆ. ಆದಕಾರಣ ನೀರಿನ ಪಾತ್ರೆಗಳು ಸೋರದಂತೆ ನೋಡಿಕೊಂಡು, ನೆಲದ ಹೊಟ್ಟಿನ ಹಾಸನ್ನು ಆಗಾಗ್ಗೆ ಕೆದಕಿ ಒಣಗಿರಿಸಿದರೆ ರೋಗದ ಹಾವಳಿ ತಗ್ಗುತ್ತದೆ. ಯಾವ ಔಷಧಿಯನ್ನು ಎಷ್ಟು ದಿನ ಬಳಸಬೇಕೆಂಬುದನ್ನು ಹತ್ತಿರದ ಪಶುವೈದ್ಯರ ಸಲಹೆ ಪಡೆದೇ ತೀರ್ಮಾನಿಸುವುದು ಲೇಸು.