ಬಸ್ಸಿನ ಬ್ರೇಕು ಮತ್ತು ತಯಾರಕರ ಹೊಣೆ

ಹೈದರಾಬಾದಿನ ಮಲ್ಕಾಜ್‌ಗಿರಿಯಿಂದ ಸಿಕಂದರಾಬಾದಿನ ಕಡೆಗೆ ಸಾಗುವ ನಗರ ಸಾರಿಗೆ ಬಸ್ಸಾಗಲಿ, ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸಾಗಲಿ, ಅಲ್ಪ ದೂರದಲ್ಲಿಯೇ ಹತ್ತಾರು ಬಾರಿ ನಿಂತು ಹೊರಡಬೇಕಾಗುತ್ತದೆ. ಹೆದ್ದಾರಿಯ ಬಸ್ಸಿಗಿಂತ ಇದರ ಬ್ರೇಕು ಬೇಗ ಸವೆಯುವುದು ಸಹಜ. ಸವೆತವನ್ನು ಘಟಕದ ಕಾರ್ಯಾಗಾರದಲ್ಲಿಯೇ ಸರಿಪಡಿಸಬಹುದು. ಆದರೆ ದೋಷವು ತಯಾರಿಕೆಯಲ್ಲಿಯೇ ಉಂಟಾಗಿದ್ದರೆ, ಅದೇ ಬಿಡಿಭಾಗವನ್ನು ಅಳವಡಿಸಿದ ಇತರ ಬಸ್ಸುಗಳಲ್ಲಿಯೂ ಅದು ಅಡಗಿರುವ ಸಂಭವವಿದೆ.

ದೊಡ್ಡ ಬಸ್ಸುಗಳಲ್ಲಿ ಸಾಮಾನ್ಯವಾಗಿ ಏರ್ ಬ್ರೇಕ್ ವ್ಯವಸ್ಥೆ ಇರುತ್ತದೆ. ಕಂಪ್ರೆಸರ್ ಯಂತ್ರವು ಒತ್ತಿದ ಗಾಳಿಯು ಟ್ಯಾಂಕುಗಳಲ್ಲಿ ಸಂಗ್ರಹವಾಗಿರುತ್ತದೆ. ಚಾಲಕನು ಪೆಡಲನ್ನು ಒತ್ತಿದೊಡನೆ ಅದು ಗಾಲಿಗಳ ಬಳಿಯ ಬ್ರೇಕ್ ಚೇಂಬರುಗಳಿಗೆ ನುಗ್ಗುತ್ತದೆ. ಡ್ರಮ್ ಬ್ರೇಕಿನಲ್ಲಿ, ಚೇಂಬರಿನಿಂದ ಹೊರಚಾಚುವ ಸರಳು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯನ್ನು ತಿರುಗಿಸುತ್ತದೆ. ಅದರಿಂದ ಬ್ರೇಕ್ ಶೂಗಳು ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಗಾಳಿ ಸೋರಿಹೋದರೆ ಸ್ಪ್ರಿಂಗ್ ಬ್ರೇಕು ತಾನಾಗಿಯೇ ಹಿಡಿಯುವಂತೆ ಏರ್ಪಾಡು ಮಾಡಲಾಗಿರುತ್ತದೆ. ಆದರೆ ಸನ್ನೆಯೇ ಕೆಟ್ಟಿದ್ದರೆ, ಮಾಪಕದಲ್ಲಿ ಗಾಳಿಯ ಒತ್ತಡ ಸರಿಯಾಗಿ ಕಂಡರೂ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಇಂತಹ ಅಪಘಾತದ ಹೊಣೆಯು ಚಾಲಕನ ತಲೆಗೇ ಕಟ್ಟಲ್ಪಡುವುದುಂಟು.

2012ರಲ್ಲಿ ಭಾರತೀಯ ವಾಹನ ತಯಾರಕರ ಸಂಘವು ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವ ಸ್ವಯಂಪ್ರೇರಿತ ಕ್ರಮವನ್ನು ಜಾರಿಗೊಳಿಸಿತು. ಅದು ಕಾನೂನಿನ ನಿರ್ಬಂಧವಾಗಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಲಾದ 110-ಎ ಪ್ರಕರಣವು, ಅಪಾಯಕಾರಿ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ತಯಾರಕರಿಗೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. 7 ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಇವು ಅನ್ವಯಿಸುತ್ತವೆ.

ಕಡ್ಡಾಯ ಆದೇಶಕ್ಕೆ ಆಧಾರವಾಗುವ ಒಂದು ಅಂಶವೆಂದರೆ ದೂರುಗಳ ಪ್ರಮಾಣ. ಕಾರಿನ ಮಾಲೀಕನೇ ಅದರ ಚಾಲಕನೂ ಆಗಿರುವುದರಿಂದ ದೋಷವು ಅವನಿಗೇ ತಿಳಿಯುತ್ತದೆ. ಸಾರಿಗೆ ಬಸ್ಸಿನ ಮಾಲೀಕತ್ವ ಸಂಸ್ಥೆಯದು, ಪ್ರಾಣಭಯ ಮಾತ್ರ ಚಾಲಕನದು ಮತ್ತು ಪ್ರಯಾಣಿಕರದು. ಆದಕಾರಣ ಚಾಲಕನು ಲಾಗ್‌ಶೀಟಿನಲ್ಲಿ ಬರೆಯುವ ಒಂದು ಸಾಲಿಗೆ ಹೆಚ್ಚಿನ ಬೆಲೆಯಿದೆ. ಒಂದೇ ಮಾದರಿಯ ಹಲವು ಬಸ್ಸುಗಳಲ್ಲಿ ಒಂದೇ ದೂರು ಮರುಕಳಿಸುತ್ತಿರುವುದು ಇಂತಹ ದಾಖಲೆಗಳಿಂದಲೇ ಬೆಳಕಿಗೆ ಬರುತ್ತದೆ.

ಸಂಸ್ಥೆಯು ಆದೇಶಕ್ಕಾಗಿ ಕಾಯಬೇಕಾಗಿಯೂ ಇಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಮಿಡಿ ಬಸ್ಸುಗಳು ಬೆಂಕಿಗೆ ಆಹುತಿಯಾದಾಗ, ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಅದೇ ಮಾದರಿಯ ಬಸ್ಸುಗಳನ್ನು ತಪಾಸಣೆಗಾಗಿ ಸಂಚಾರದಿಂದ ಹಿಂತೆಗೆದುಕೊಂಡಿತು. ಬಸ್ಸುಗಳ ಕೊರತೆಯಿರುವ ನಗರದಲ್ಲಿ ಇದು ಸುಲಭದ ನಿರ್ಧಾರವಲ್ಲ; ನಿಲ್ದಾಣದಲ್ಲಿ ಕಾಯುವವರು ಇನ್ನಷ್ಟು ಹೊತ್ತು ಕಾಯಬೇಕಾಗುತ್ತದೆ.